ಹೊಂಡದ ಹಗ್ಗ

ಇಂಡಿ ಬಸ್ ನಿಲ್ದಾಣದಲ್ಲಿ ಸಿಂದಗಿ ಬಸ್ಸಿಗೆ ಕಾಯುತ್ತಿದ್ದೆ. ಪಕ್ಕದ ಕಟ್ಟೆಯ ಮೇಲೆ ಅಕ್ಕ ತಮ್ಮ ಇಬ್ಬರು ಕೂತಿದ್ದರು. ಅಕ್ಕನ ತೊಡೆಯ ಮೇಲೆ ಹೊಸ ಹಗ್ಗದ ಸುರುಳಿಯಿತ್ತು. ಮಾತು ಆಗಲೇ ಕಾವೇರಿತ್ತು.

“ಬೀಗರ ಮುಂದ ನನ್ನ ಮಾನ ಹೋತಲ್ಲ ಅಕ್ಕ.”

“ಮಾನ ಆಮ್ಯಾಲ. ದ್ರಾಕ್ಷಿ ತ್ವಾಟದ ಹೊಂಡದಾಗಿನ ಹಗ್ಗ ಯಾಕ ಬಿಚ್ಚಿದಿ ಸಿದ್ದಾರೂಢ?”

“ತ್ವಾಟದಾಗ ಮಗನ ಮದುವಿ ಇತ್ತಲ್ಲ, ಪಟಾಕಿ ಹಚ್ಚೂ ಜಾಗಾಕ ಅಡ್ಡ ಕಟ್ಟಿದ್ನಿ. ಹುಡುಗ್ರು ಬೆಂಕಿ ಕಡೆ ಹೋಗಬಾರದಂತ.”

“ಬೆಂಕಿ ಕಡೆ ಬಿಡ್ಲಿಲ್ಲಂತ ನೀರಿನ ಕಡೆ ಹೋದ್ವು! ಹೊಂಡದಾಗ ಪ್ಲಾಸ್ಟಿಕ್ ಹಾಸೈತಿ, ಕಾಲಿಟ್ರ ಜಾರತೈತಿ. ಹಗ್ಗ ಇಲ್ಲಂದ್ರ ದೊಡ್ಡಾವ್ರಿಗೂ ಮ್ಯಾಲ ಬರಾಕ ಆಗಂಗಿಲ್ಲ. ಗೊತ್ತಿಲ್ಲೇನು ನಿನಗ?”

“ಸಂಜೀಕ ಮತ್ತ ಕಟ್ಟಾಂವ ಇದ್ನಿ.”

“ನಿನ್ನ ಸಣ್ಣ ಮಗಳು ಸಂಜೀತನ ಕಾಯ್ಲಿಲ್ಲಲ್ಲ. ಮದುವಿ ಅಕ್ಕಿಕಾಳು ಬೀಳೂ ಹೊತ್ತಿಗೇ ಹೊಂಡದಾಗ ಬಿದ್ಲು.”

“ಹೌದು. ಆದ್ರೂ ನೀ ಎಲ್ಲಾರ ಮುಂದ ಹಂಗ…”

“ಹಂಗ ಅಂದ್ರ? ಬಾಯಿ ಬಿಟ್ಟು ಹೇಳು.”

“ಸೀರಿ ಬಿಚ್ಚಿ ನೀರಾಗ ಇಳಿಬಿಟ್ಟು, ಬರೇ ಲಂಗದ ಮ್ಯಾಲ ನಿಂತಿ. ಬೀಗರು ಏನಂದಾರು?”

“ಆ ಸೀರಿ ಹಿಡಕೊಂಡ ನಿನ್ನ ಮಗಳು ಶೈಲಶ್ರೀ ಮ್ಯಾಲ ಬಂದಾಳ! ನಿನ್ನ ಬೀಗರು ದಂಡಿಗೆ ನಿಂತು ಮೊಬೈಲ್‌ದಾಗ ವಿಡಿಯೋ ಮಾಡಾಕತ್ತಿದ್ರು. ಅವರಿಗೆ ಐತೇನು ಮಾನ?”

ಅಷ್ಟರಲ್ಲಿ ಚಡಚಣದ ಬಸ್ಸು ಬಂತು. ಅಕ್ಕ ಎದ್ದು, ಹಗ್ಗದ ಸುರುಳಿಯನ್ನು ತಮ್ಮನ ಹೆಗಲಿಗೆ ಹಾಕಿ, ಬಸ್ಸಿನ ಕಡೆ ತಳ್ಳಿದಳು.

“ಮನಿಗೆ ಆಮ್ಯಾಲ ಹೋಗು, ಮೊದಲ ತ್ವಾಟಕ್ಕ ಹೋಗಿ ಇದನ್ನ ಕಟ್ಟು. ಇಲ್ಲಂದ್ರ ನಾ ಮತ್ತ ಸೀರಿ ಬಿಚ್ಚಾಕೀನ. ನಿನ್ನ ಬೀಗರಿಗೆ ಹೇಳಿ ಇಡು.”