ಪಕ್ಕಕ್ಕಿಟ್ಟಿದ್ದರ ಗತಿ

ಕಣ್ಣಾಸ್ಪತ್ರೆಯ ಬೆಂಚಿನಲ್ಲಿ ನನ್ನ ಪಕ್ಕದಲ್ಲಿ ಯಾರೋ ಅತ್ತೆ, ಸೊಸೆ ಕೂತಿದ್ದರು. ಸೊಸೆಯ ತೊಡೆಯ ಮೇಲೆ ಲ್ಯಾಪ್‌ಟಾಪು. ಅತ್ತೆಗೆ ಹನಿ ಹಾಕಿ ಕಣ್ಣು ಮುಚ್ಚಿಸಿದ್ದರು, ಬಾಯಿ ಮುಚ್ಚಿಸಿರಲಿಲ್ಲ.

"ಇವತ್ತೂ ಆ ಬಿಟ್ಟಿ ಚಾಕರಿನೇ?"

"ಓಪನ್ ಸೋರ್ಸ್ ಅತ್ತೆ. ಎಲ್ಲರೂ ಸೇರಿ ಸಾಫ್ಟ್‌ವೇರ್ ಬರೀತೀವಿ, ಯಾರು ಬೇಕಾದ್ರೂ ಬಳಸಬಹುದು. ಸಂಜೆ ಹೊಸ ಆವೃತ್ತಿ ಬಿಡುಗಡೆ."

"ಏನು ಮಾಡತ್ತೆ ಅದು?"

"ಒಂದು ಕಂಪ್ಯೂಟರ್ ಕಳಿಸಿದ ಸಂದೇಶನ ಇನ್ನೊಂದಕ್ಕೆ ಮುಟ್ಟಿಸತ್ತೆ. ಮೊದಲೆಲ್ಲ ಒಂದು ಸಿಕ್ಕಿಹಾಕಿಕೊಂಡ್ರೆ ಅದರ ಹಿಂದಿನವೆಲ್ಲ ಕಾಯಬೇಕಿತ್ತು. ಈಗ ಅದನ್ನ ಪಕ್ಕಕ್ಕಿಟ್ಟು ಉಳಿದವನ್ನ ಬಿಡ್ತೀವಿ. ವೇಗಾನೂ ಎರಡರಷ್ಟು."

"ಪಕ್ಕಕ್ಕಿಟ್ಟಿದ್ದರ ಗತಿ?"

"ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕರೀತೀವಿ. ಆ ಭಾಗ ಬರೆದಿದ್ದು ನಾನೇ. ಒಂದೂ ಕಳೆದುಹೋಗಲ್ಲ."

"ಅಷ್ಟು ಧೈರ್ಯಾನಾ?"

"ಬೇಕಂತಲೇ ಕೆಡಿಸಿ ಕೆಡಿಸಿ ನೋಡಿದ್ದೀನಿ ಅತ್ತೆ."

ಬಾಗಿಲಲ್ಲಿ ನರ್ಸ್ ಕಾಣಿಸಿಕೊಂಡರು. "ಹದಿನಾಲ್ಕು! ಹದಿನಾಲ್ಕು ಇಲ್ವಾ? ಸರಿ, ಹದಿನೈದು ಬನ್ನಿ."

"ನಮ್ಮದೇ ಅತ್ತೆ, ಏಳಿ."

"ತಾಳೇ, ಹದಿನಾಲ್ಕು ಯಾರು ಪಾಪ?"

"ಪಕ್ಕದಲ್ಲಿರೋರೇ. ಚೀಟಿ ಕೈಯಲ್ಲಿದೆ, ಕಿವಿ ಮಾತ್ರ ನಮ್ಮ ಕಡೆ."

ನಾನು ಕೈಯಲ್ಲಿದ್ದ ಚೀಟಿ ನೋಡಿಕೊಂಡೆ: ಹದಿನಾಲ್ಕು. ನರ್ಸ್ ಆಗಲೇ ಒಳಗೆ ಹೋಗಿದ್ದರು.

"ಇಲ್ಲಿ ಮತ್ತೆ ಕರೀತಾರೇನೇ?"

"ಕರೆಯೋ ಹಾಗೆ ಕಾಣಲ್ಲ."

"ಮತ್ತೆ ನೀನಿರೋದು ಯಾತಕ್ಕೆ?"

ಸೊಸೆ ಲ್ಯಾಪ್‌ಟಾಪು ಮುಚ್ಚಿ ಅತ್ತೆಯ ಕೈ ಹಿಡಿದಳು. ಬಾಗಿಲ ಹತ್ತಿರ ತಿರುಗಿ, "ಎಲ್ಲೂ ಹೋಗಬೇಡಿ ಸರ್," ಎಂದಳು. "ನಮ್ಮದು ಮುಗಿದ ತಕ್ಷಣ ನಿಮ್ಮನ್ನ ಮತ್ತೆ ಕರೆಸ್ತೀನಿ."