ಮೇಜು ವಾಲುವ ಗರಗಸ

ಓಹಿಯೋದ ಆ ಮನೆಯ ಗ್ಯಾರೇಜಿನ ಮುಂದೆ, ಸತ್ತವರ ಸಾಮಾನು ಮಾರುವ ಕಡೆ, ಹಾಲಿಸ್ ಒಳಗೆ ಹೋಗುವ ಸರದಿಯ ಹದಿಮೂರನೇ ನಂಬರಿನ ಚೀಟಿ ಹಿಡಿದು ಸಾಲಿನಲ್ಲಿ ನಿಂತಿದ್ದ. ಮುಂದೆ ನಿಂತಿದ್ದ ಅಕ್ಕ ತಮ್ಮನ ಮಾತು ಬೇಡವೆಂದರೂ ಕಿವಿಗೆ ಬೀಳುತ್ತಿತ್ತು.

“ಅಪ್ಪನ ಮನೆಗೇ ಚೀಟಿ ಹಿಡ್ಕೊಂಡು ಬರೋ ಹಾಗಾಯ್ತಲ್ಲೋ, ವರ್ಲಿನ್.”

“ಈಗದು ಅಪ್ಪ ಆಮೇಲೆ ಕಟ್ಕೊಂಡ ಚಿಕ್ಕಮ್ಮನ ಮನೆ ಕಣೆ. ಗ್ಯಾರೇಜ್ ಕಿಟಕೀಲಿ ಇಣುಕಿ ನೋಡ್ದೆ. ಮೇಜಿಗೆ ಕೂಡಿಸಿದ ಅಪ್ಪನ ಕರೆಂಟ್ ಗರಗಸ ಇದೆ.”

“ಆ ಮೇಜು ವಾಲೋದಾ? ಈಗಿನ ಗರಗಸದಲ್ಲಿ ಓರೆಯಾಗಿ ಕೊಯ್ಯೋಕೆ ಬ್ಲೇಡೇ ವಾಲುತ್ತೆ. ಮರ ಜಾರೋ ಆ ಮೇಜನ್ನ ಯಾರು ಕೊಳ್ತಾರೆ?”

“ಮೇಜು ವಾಲ್ಕೊಂಡೇ ಇದೆ, ಅಕ್ಕ.”

“ಸುಮ್ನಿರೋ. ಮೇಜು ಮಟ್ಟ ಮಾಡದೆ ಅಪ್ಪ ಒಂದು ದಿನಾನೂ ಊಟಕ್ಕೆ ಬಂದವನಲ್ಲ.”

“ಅರ್ಧ ಕೊಯ್ದ ಹಲಗೆ ಬ್ಲೇಡಲ್ಲೇ ಸಿಕ್ಕೊಂಡಿದೆ.”

ಅಕ್ಕ ಗ್ಯಾರೇಜಿನ ಕಿಟಕಿಯ ಕಡೆ ತಿರುಗಿದಳು.

“ನಿದ್ದೇಲೇ ಹೋದ ಅಂದ್ಲಲ್ಲ ಚಿಕ್ಕಮ್ಮ.”

“ಹೂಂ, ಅಂದ್ಲು.”

“ಏನು ಮಾಡ್ತಿದ್ದ?”

“ಹಕ್ಕಿಗೂಡಿಗೆ ಓರೆ ಚಾವಣಿ ಇರ್ಬೇಕು.”

ಬಾಗಿಲಲ್ಲಿ ಹನ್ನೊಂದು, ಹನ್ನೆರಡು ಎಂದು ಕೂಗಿದರು.

“ಗರಗಸ ತಗೊಳ್ಳೋಣ್ವಾ?” ಎಂದ ತಮ್ಮ.

“ಇಡೋಕೆ ಜಾಗ ಎಲ್ಲಿದೆ? ಮೇಜು ಮಟ್ಟ ಮಾಡಿ ಬಂದ್ಬಿಡೋಣ, ನಡಿ.”