ರಣಚಂಡಿಗೊಂದು ದೌರ್ಬಲ್ಯ ಬೇಕು

ಕಾಗವಾಡದ ಬಸ್‌ಸ್ಟ್ಯಾಂಡಿನಲ್ಲಿ ಶಿರಗುಪ್ಪಿ ಬಸ್ಸಿಗೆ ಕಾದು ಕಾದು ನನ್ನ ತಲೆ ಕೆಟ್ಟಿತ್ತು. ಪಕ್ಕದಲ್ಲಿ ಕಾಲೇಜು ಹುಡುಗಿಯರಿಬ್ಬರು, ಉಜ್ವಲಾ ಮತ್ತು ಬ್ರಾಹ್ಮಿ. ಏಳು ಮಂದಿ ಕೂಡಿ ಮೊಬೈಲಿನಲ್ಲಿ ಮಾಯಾಲೋಕದ ಕಥೆ ಕಟ್ಟುತ್ತಾರಂತೆ, ಒಬ್ಬೊಬ್ಬರದು ಒಂದೊಂದು ಪಾತ್ರ.

“ನನ್ನ ರಣಚಂಡಿ ಪಾತ್ರಾನ ಗುಂಪಿನವರು ಮತ್ತ ವಾಪಸ್ ಕಳಿಸ್ಯಾರ ಬೇ. ಐದ ಗಂಟೆದೊಳಗ ತಿದ್ದಲಿಲ್ಲಂದ್ರ ನಾ ಕಥಿಯಿಂದ ಹೊರಗ,” ಎಂದಳು ಉಜ್ವಲಾ.

“ಬೆಂಕಿ ಉಗುಳ್ತಾಳ, ಹಾರ್ತಾಳ, ಸಾಯಂಗಿಲ್ಲ. ಉಳದ ಆರ ಮಂದಿ ಆಕಿ ಚಪ್ಪಲಿ ಕಾಯೂಣೇನ? ಒಂದ್ ದೌರ್ಬಲ್ಯ ಹಾಕ.”

“ನಿನ್ನ ವೈದ್ಯಗಿತ್ತಿಗೆ ಏನ್ ಹಾಕೀದಿ?”

“ನಮ್ಮ ಜೈನರ ಮನಿ ಪದ್ಧತಿನ. ಹೊತ್ತ ಮುಳುಗಿದ ಮ್ಯಾಲ ಉಣ್ಣಂಗಿಲ್ಲ. ಆಕಿ ಉಪವಾಸ ಬೀಳಬಾರದಂತ ಎಲ್ಲಾರೂ ಗಡಬಡಿಸಿ ಯುದ್ಧ ಮುಗಸ್ತಾರ.”

“ನಂಗ ಅಂಥಾದ್ದೇನೂ ಇಲ್ಲಲ್ಲ!”

ಆಗ ಕ್ಯಾಂಟೀನಿನ ಸೋನಾಬಾಯಿ ಕೂಗಿದಳು. “ಉಜ್ವಲಾ, ಚಾ ಕುಡದ ಹೋಗ ಬಾರವ್ವಾ.”

“ಬ್ಯಾಡ್ರಿ ಮಾವಶಿ, ಬಸ್ ಬರ್ತೈತಿ.”

“ನಮ್ಮ ಚಾ ಒಲ್ಲೇನ?”

“ಅಯ್ಯ, ಹಂಗಲ್ರಿ. ಅರ್ಧಾ ಕಪ್ ಕೊಡ್ರಿ.”

ನಾನು ನೋಡಿದಂತೆ ಅದು ಅವಳ ಮೂರನೆಯ ಅರ್ಧ ಕಪ್ಪು. ಅಷ್ಟರಲ್ಲಿ ಬಸ್ಸು ಬಂತು.

“ಏ ಉಜ್ವಲಾ, ಬಸ್!”

“ಹೆಂಗ್ ಬಿಟ್ಟ ಬರ್ಲಿ? ಮಾವಶಿ ಬ್ಯಾಸರ ಮಾಡ್ಕೋತಾರ.”

“ಸಿಕ್ತ ನೋಡ ನಿನ್ನ ದೌರ್ಬಲ್ಯ! ರಾಕ್ಷಸನ ಅವ್ವ ಚಾಕ್ಕ ಕರದ್ರ ರಣಚಂಡಿ ಒಲ್ಲೆ ಅನ್ನಂಗಿಲ್ಲ. ಚಾ ಕುಡದ ಮನ್ಯಾಗ ಕತ್ತಿ ಎತ್ತಂಗಿಲ್ಲ. ಬರಿ ಲಗೂನ!”

ಮುಂದಿನ ಬಸ್ಸು ಒಂದು ತಾಸಿಗೆ. ನಾನು ಹತ್ತಿ ಕೂತೆ. ಉಜ್ವಲಾ ಒಂದು ಕೈಯಲ್ಲಿ ಕಪ್ಪು ಹಿಡಿದು ಇನ್ನೊಂದರಲ್ಲಿ ಮೊಬೈಲಿನಲ್ಲಿ ಬರೆಯುತ್ತಿದ್ದಳು. ಬಸ್ಸು ಹೊರಡುವಾಗ ಬ್ರಾಹ್ಮಿ ಕಿರುಚಿದಳು.

“ಒಪ್ಯಾರ ಬೇ! ರಣಚಂಡಿ ಒಳಗ ಬಂದ್ಲ!”

“ಯಾರ್ ಬಂದ್ರವ್ವಾ?” ಎಂದಳು ಸೋನಾಬಾಯಿ. “ಆಕಿಗೂ ಅರ್ಧಾ ಹಾಕ್ಲೇನ?”